ಕೂಗುಮೊಳೆ

ಲೂನನ್‌ಬರ್ಗಿನ ಬಂದರು ಬೀದಿಯಲ್ಲಿ
ಕಾರ್ಕಮ್‌ನ ಅಚ್ಚುಕೂಟ.
ಎದುರು ಮನೆಯ ಬಾಗಿಲೂ ಕಾಣದಂಥ ಮಂಜು
ವರ್ಷಕ್ಕೆ ನೂರು ದಿನ.
ಕೆಲಸ ಕಲಿಯಲು ಸೇರಿದಾಗ ನನಗೆ ಹದಿನಾಲ್ಕು.
ಮೊದಲ ವಾರ ಮಸಿ ಒರೆಸಿದೆ,
ಎರಡನೆಯ ವಾರವೂ ಅದನ್ನೇ.
ಮೂರನೆಯ ಸೋಮವಾರ ಇಫ್ರೇಮ್ ಕಾರ್ಕಮ್
ಕೆಳಗಿನ ಖಾನೆ ಎಳೆದು
ಕೂಸನ್ನು ಎತ್ತಿ ಕೊಡುವ ಹಾಗೆ ಕೊಟ್ಟ:
ಮೇಪಲ್ ಮರದ ಮೊಳೆ,
ಅಂಗೈ ಅಗಲದ ಒಂದು ಎಚ್.

"ಕಾಲು ನೋಡು" ಅಂದ.

ಬೇರೆ ಅಕ್ಷರಗಳ ಪಾದ ತುದಿಗೆ ಬರುತ್ತ ತೆಳುವಾಗಿ
ಹಕ್ಕಿಯುಗುರಿನಂತೆ
ಕಾಗದವನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲುತ್ತದೆ.
ಇದರದು ಚಪ್ಪಡಿ. ಕಂಬದಷ್ಟೇ ದಪ್ಪ,
ಮೂಲೆ ಮೂಲೆಯೂ ಚೌಕ,
ತಲೆಗೂ ಕಟ್ಟು, ಕಾಲಿಗೂ ಕಟ್ಟು.
ಕ್ಯಾಟಲಾಗಿನಲ್ಲಿ ಆಗ ಈಜಿಪ್ಷಿಯನ್ ಎಂದಿತ್ತು,
ಈಗಿನವರು ಸ್ಲ್ಯಾಬ್ ಸೆರಿಫ್ ಅನ್ನುತ್ತಾರೆ.
ನಮ್ಮಲ್ಲಿ ಈಜಿಪ್ಟ್ ಕಂಡವರಿರಲಿಲ್ಲ.
ಡೆಕ್ಕಿನ ಮೇಲೆ ಕಾಲಗಲಿಸಿ ನಿಲ್ಲುವವರನ್ನು ಕಂಡಿದ್ದೆವು.
ಕೂಗುಮೊಳೆ ಎಂದೆವು.

ಅವನು ಪಾಠ ಹೇಳಲಿಲ್ಲ, ಗೊಣಗಿದ:
ಹರಾಜಿಗೆ ಹಾಕು. ಉಪ್ಪಿನ ಬೆಲೆಗೆ ಹಾಕು.
ಕೆರೆಯ ಮಂಜುಗಡ್ಡೆ ತೆಳುವಾಗಿದೆ ಅನ್ನುವುದಕ್ಕೆ ಹಾಕು,
ಓದುವ ಹುಡುಗ ಓಡುತ್ತಲೇ ಇರುತ್ತಾನೆ.
ಮುಷ್ಕರಕ್ಕೆ, ಕಳೆದುಹೋದ ಹಸುವಿಗೆ.
ಎರಡು ಪದ ಸಾಕು, ಮೂರಾದರೆ ಜಾಸ್ತಿ,
ನಾಲ್ಕಾದರೆ ಜಗಳ.
ಸುತ್ತ ಬಿಳಿ ಬಿಡು, ಇದಕ್ಕೆ ಉಸಿರು ಬೇಕು,
ದಪ್ಪಗಿರುವವರಿಗೆಲ್ಲ ಬೇಕು
(ಹೊಟ್ಟೆ ಸವರಿಕೊಂಡ).
ಸಾವಿನ ಕಾರ್ಡಿಗೆ ಬೇಡ.
ಮದುವೆಗೆ ಒಮ್ಮೆ ಹಾಕಿದ್ದೆ, ಜ್ವಿಕರ್ ಮನೆಯವರ ಹಟಕ್ಕೆ.
ಮದುಮಗಳ ಹೆಸರು ಹಡಗಿನ ಹೆಸರಿನಂತೆ ಕಂಡು
ಎಷ್ಟು ಟನ್ ಸರಕು ಎಂದು ಕೇಳಿದರು ಬಂದರಿನವರು.

ಪಿಸುಗುಟ್ಟಲು ಬಾರದ ಅಕ್ಷರ
ಎಂದೇ ನಾನೂ ನಂಬಿದ್ದೆ, ಆ ಮಾರ್ಚಿನವರೆಗೆ.

ಓಬೆಡ್ ನಿಕಲ್ ಬಂದ, ಗೋಡೆ ಸವರುತ್ತ.
ಮೂವತ್ತು ವರ್ಷ ಹಡಗು ನಡೆಸಿದವನ ಕಣ್ಣಿಗೆ ಪೊರೆ,
ಹೊರಗಿನ ಮಂಜು ಒಳಗೇ ಬಂದು ಕೂತಂತೆ.
ಕೋಟಿನೊಳಗಿಂದ ತೆಗೆದ, ಬಾಸ್ಟನ್ನಿನ ಕಾಗದ,
ಲಕೋಟೆ ಇನ್ನೂ ಒಡೆದಿಲ್ಲ.
"ಸೊಸೆ ಓದಿ ಹೇಳುತ್ತಾಳೆ, ಪಾದ್ರಿಯೂ ಹೇಳುತ್ತಾನೆ.
ಗಟ್ಟಿಯಾಗಿ. ಅಡುಗೆಮನೆಯಲ್ಲಿ.
ಇದನ್ನು ನಾನೇ ಓದಬೇಕು."
ಗೋಡೆಯ ಹರಾಜು ಪೋಸ್ಟರಿನತ್ತ ಬೆರಳು ತೋರಿದ:
"ಅದು ಕಾಣುತ್ತದೆ ನನಗೆ."

ಕಾರ್ಕಮ್ ಬಾಗಿಲಿಗೆ ಅಗಳಿ ಹಾಕಿದ.
ಲಕೋಟೆ ಒಡೆದು ಅಕ್ಷರ ಅಕ್ಷರವಾಗಿ ಹೇಳಿದ,
ಪದವಾಗಿ ಒಂದನ್ನೂ ಹೇಳಲಿಲ್ಲ.
ನಾನು ಆಯ್ದು ಜೋಡಿಸಿದೆ
ತಲೆಕೆಳಗಾಗಿ, ಕನ್ನಡಿಯೊಳಗಿನ ಹಾಗೆ,
ಅರ್ಥವಾಗಬಾರದೆಂದು ಬಾಯಲ್ಲಿ ಎಣಿಕೆ ಮಾಡುತ್ತ.
ಹಾಳೆಗೆ ಐದೇ ಪದ.
ಇ ಅಕ್ಷರ ಇದ್ದದ್ದೇ ಆರು,
ಒತ್ತಿ, ಬಿಚ್ಚಿ, ತೊಳೆದು, ಮತ್ತೆ ಅವೇ ಆರು.
ಮೂರು ರಾತ್ರಿ, ಮೂವತ್ತೊಂದು ಹಾಳೆ,
ಒಂದೊಂದೇ ಪ್ರತಿ.
ಪ್ರಶ್ನೆಯ ಚಿಹ್ನೆ ನಮ್ಮಲ್ಲಿ ಒಂದೇ ಇತ್ತು.
ಹದಿನೇಳನೆಯ ಹಾಳೆಗೆ ಎರಡು ಬೇಕಾಯಿತು.
ಇನ್ನೊಂದನ್ನು ಕಾರ್ಕಮ್ ಚಾಕುವಿನಲ್ಲಿ ಕೆತ್ತಿದ.
ಆ ಕಾಗದದ ಬಗ್ಗೆ ನಾನು ಬಲ್ಲದ್ದು ಇಷ್ಟೇ.

ಹಾಯಿ ಹೊಲಿಯುವ ಅಟ್ಟದ ಮೇಲೆ
ಹಾಳೆಗಳನ್ನು ಸಾಲಾಗಿ ಹಾಸಿಕೊಟ್ಟೆವು.
ಓಬೆಡ್ ಬೂಟು ಕಳಚಿದ.
ಪಕ್ಕದಲ್ಲೇ ನಡೆಯುತ್ತ, ಬಗ್ಗಿ ಬಗ್ಗಿ ಓದಿದ.
ಹದಿನೇಳರ ಹತ್ತಿರ ತುಂಬ ಹೊತ್ತು ನಿಂತ.
ಕೊನೆ ಮುಟ್ಟಿ, ಮತ್ತೆ ಮೊದಲಿಗೆ ಹೋದ.
ನಾವು ಮೆಟ್ಟಿಲಿಳಿದೆವು.
ಸಂಜೆ ಅಟ್ಟದ ಒಲೆಯಲ್ಲಿ ಕಾಗದದ ಬೂದಿ
ಬೇಕಾದಷ್ಟಿತ್ತು.

ಮರುದಿನ ಅವೇ ಮೊಳೆಗಳಲ್ಲಿ
ಮ್ಯಾಕರೆಲ್ ಮೀನು ಬಂದಿದೆ ಎಂದು ಒತ್ತಿದೆವು.
ಎರಡು ಬೀದಿ ಆಚೆಗೂ ಕಾಣುತ್ತಿತ್ತು.

ಕೆತ್ತಿದ ಆ ಪ್ರಶ್ನೆಗೆ ಮಾತ್ರ ಖಾನೆ ಇರಲಿಲ್ಲ.
ನನ್ನ ಏಪ್ರನ್ನಿನ ಜೇಬಿನಲ್ಲೇ ಉಳಿಯಿತು.
ಕಾಲಿಗೆ ಚಪ್ಪಡಿಯಿಲ್ಲ, ಒಂದು ಚುಕ್ಕಿ ಅಷ್ಟೇ.
ಎಲ್ಲಿಟ್ಟರೂ ಕೊಂಚ ವಾಲುತ್ತದೆ.